ಜಾಡಿಯ ಚೀಲ ಹೊಲಿದವರು

ಈಸ್ಟ್‌ಗೇಟ್, ಬೆಲ್‌ವ್ಯೂ, ಅಮೆರಿಕ
22 ಸೆಪ್ಟೆಂಬರ್ 2024

ಪ್ರೀತಿಯ ವಸಂತತ್ತೆಗೆ ಅಕ್ಷಯಾಳ ನಮಸ್ಕಾರ.

ನೀವು ಸುಖವಾಗಿ ಮೈಸೂರು ಸೇರಿದ ಸುದ್ದಿಯನ್ನು ಮೇಲಿನ ಮನೆಯ ಚೇತನ್ ಫೋನ್ ಮಾಡಿ ತಿಳಿಸಿದ. ವಿಮಾನ ಹತ್ತಿದ ಕೂಡಲೇ ಕಿವಿಯ ಮಿಷನ್ ತೆಗೆದು ಪರ್ಸಿನಲ್ಲಿಟ್ಟು, ಬೆಂಗಳೂರಿನವರೆಗೂ ಆರಾಮಾಗಿ ನಿದ್ದೆ ಮಾಡಿದಿರಂತೆ. ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ, ವಾಟ್ಸಾಪ್ ನೋಡಿದರೆ ಕಣ್ಣು ಉರಿಯುತ್ತದೆ ಅನ್ನುತ್ತೀರಿ. ಅದಕ್ಕೇ ಹಾಸ್ಟೆಲಿನಲ್ಲಿದ್ದಾಗ ಬರೆದ ಹಾಗೆ ಮತ್ತೆ ಕಾಗದ ಬರೆಯಲು ಕೂತಿದ್ದೇನೆ.

ಆರು ತಿಂಗಳು ನೀವು ಇದ್ದು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಡೆಕ್ಕಿನ ಮೇಲೆ ನೀವು ಕೂರುತ್ತಿದ್ದ ಕುರ್ಚಿಯನ್ನು ಇನ್ನೂ ಒಳಗಿಟ್ಟಿಲ್ಲ. ಅದರ ಸಂದಿಯಲ್ಲಿ ಮೂರು ಗುಂಡುಸೂಜಿ ಸಿಕ್ಕವು. ಸುಮುಖ್ ಎಂದಿನಂತೆ ಬೆಳಿಗ್ಗೆ ಓವರ್‌ಲೇಕಿನ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ನಿಸರ್ಗ ಸ್ಕೂಲಿಂದ ಬಂದು ಚಕ್ಕುಲಿ ಡಬ್ಬ ತೆರೆದು ನೋಡಿ ಮುಚ್ಚುತ್ತಾಳೆ.

ಅತ್ತೆ, ಒಂದು ಸಣ್ಣ ವಿಷಯ ಕೇಳಬೇಕಿತ್ತು. ಪಕ್ಕದ ಮನೆಯ ಜಪಾನಿನ ತೊಮೊಕೊ ಅವರು ಜುಲೈನಲ್ಲಿ ಸೊಂಟದ ಆಪರೇಷನ್‌ಗೆ ಹೋಗುವ ಮುಂಚೆ ನನ್ನ ಕೈಗೊಂದು ಮರದ ಪೆಟ್ಟಿಗೆ ಕೊಟ್ಟರಲ್ಲ. ಅವರ ಮನೆಯ ವೈರಿಂಗ್ ಬದಲಾಯಿಸಲು ಜನ ಬಂದು ಹೋಗುತ್ತಾರೆ, ಇದು ನಿನ್ನ ಹತ್ತಿರ ಇರಲಿ ಅಂದಿದ್ದರು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ರೇಷ್ಮೆ ಚೀಲ, ಚೀಲದೊಳಗೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಕಂದು ಜಾಡಿ. ಜಪಾನಿನವರು ಹಸಿರು ಚಹಾದ ಪುಡಿ ತುಂಬಿಡುವ ಜಾಡಿ ಅದು, ಮುನ್ನೂರು ವರ್ಷ ಹಳೆಯದು. ದಂತದ ಮುಚ್ಚಳ, ಮುಚ್ಚಳದ ಒಳಮೈಗೆ ಚಿನ್ನದ ರೇಕು. ಅದನ್ನು ನೋಡಿ ನೀವು, ಆನೆಯ ದಂತ ಅಂದರೆ ಗಣಪತಿಯ ಅಂಶ, ಕಾಲು ತಗುಲುವ ಕಡೆ ಇಡಬೇಡ ಅಂದಿದ್ದಿರಿ.

ನಿನ್ನೆ ಪೆಟ್ಟಿಗೆ ತೆರೆದೆ. ಜಾಡಿ ಸರಿಯಾಗಿದೆ, ಮುಚ್ಚಳವೂ ಇದೆ. ಆದರೆ ಚೀಲ ಬೇರೆ. ಮೊದಲಿದ್ದದ್ದು ಮಾಸಿದ ಹಸಿರು, ಈಗಿರುವುದು ಸಣ್ಣ ಹೂವಿನ ಕೆಂಪು ಬಟ್ಟೆಯದು. ಹೊಲಿಗೆ ನೋಡಿದರೆ ಯಾರದೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಹಳೆಯ ಚೀಲ ಎಲ್ಲಿಟ್ಟಿದ್ದೀರಿ? ಬೀರುವಿನಲ್ಲಿಯೋ, ನಿಮ್ಮ ರೂಮಿನ ಡ್ರಾಯರಿನಲ್ಲಿಯೋ, ಒಂದು ಸಾಲು ಬರೆಯಿರಿ ಸಾಕು. ಗಾಬರಿ ಏನಿಲ್ಲ.

ನಿಮ್ಮ
ಅಕ್ಷಯಾ


ಈಸ್ಟ್‌ಗೇಟ್
6 ಅಕ್ಟೋಬರ್ 2024

ಅತ್ತೆಗೆ ನಮಸ್ಕಾರ.

ನನ್ನ ಮೊದಲ ಕಾಗದ ಇನ್ನೂ ದಾರಿಯಲ್ಲಿರಬಹುದು. ಕಾಯಲು ಆಗದೆ ನಿನ್ನೆ ಚೇತನ್‌ಗೆ ಫೋನ್ ಮಾಡಿ, ಹಳೆಯ ಚೀಲ ಎಲ್ಲಿದೆ ಕೇಳು ಅಂದೆ. ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು. ನೀವು ‘ಎಸೆದಿಲ್ಲ ಅಂತ ಹೇಳು’ ಅಂದು ಅಡುಗೆಮನೆಗೆ ಹೋದಿರಂತೆ. ಎಸೆದಿಲ್ಲ ಅಂದರೆ ಎಲ್ಲಿದೆ, ಅತ್ತೆ?

ತೊಮೊಕೊ ಅವರು ಮುಕಿಲ್ಟಿಯೊದ ತಂಗಿಯ ಮನೆಯಿಂದ ಶುಕ್ರವಾರ ವಾಪಸ್ ಬಂದರು. ವಾಕರ್ ಹಿಡಿದು ನಮ್ಮ ಬಾಗಿಲವರೆಗೂ ನಡೆದು ಬಂದರು. ಸೂಪು ಕೊಟ್ಟು ಮಾತಾಡಿಸಿದೆ. ಪೆಟ್ಟಿಗೆ ಬ್ಯಾಂಕಿನ ಲಾಕರಿನಲ್ಲಿದೆ, ಬಿಡುವಾದಾಗ ತಂದು ಕೊಡುತ್ತೇನೆ ಅಂತ ಹೇಳಿಬಿಟ್ಟೆ. ಪೆಟ್ಟಿಗೆ ಅವರ ತಲೆಯ ಹಿಂದಿನ ಬೀರುವಿನಲ್ಲೇ ಇತ್ತು. ಅವರು ನಗುತ್ತ, ನಿಧಾನವಾಗಿ ಕೊಡು, ನವೆಂಬರ್ ಹದಿನೇಳಕ್ಕೆ ಬೇಕು ಅಂದರು. ಅವತ್ತು ಅವರ ಮನೆಯಲ್ಲಿ ವರ್ಷದ ಹೊಸ ಚಹಾ ತೆರೆಯುವ ಕೂಟ. ನನ್ನನ್ನೂ ಕರೆದಿದ್ದಾರೆ.

ಅಷ್ಟಾಗಿದ್ದರೆ ಪರವಾಗಿರಲಿಲ್ಲ. ಆ ಹಸಿರು ಚೀಲ ಹೊಲಿದದ್ದು ಅವರ ಗಂಡ ಕೆಂಜಿಯಂತೆ. ಆತ ಮುಕಿಲ್ಟಿಯೊ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಸೀಟುಗಳಿಗೆ ಬಟ್ಟೆ ಹೊಲಿಯುತ್ತಿದ್ದರು. ಹೆಂಡತಿ ಮದುವೆಯ ದಿನ ನಡುವಿಗೆ ಸುತ್ತಿದ್ದ ರೇಷ್ಮೆ ಪಟ್ಟಿಯನ್ನು ಕತ್ತರಿಸಿ, ರಿಟೈರಾದ ವರ್ಷ ಈ ಚೀಲ ಹೊಲಿದು ಕೊಟ್ಟರಂತೆ. ಮರುವರ್ಷ ತೀರಿಕೊಂಡರು. ಜಾಡಿ ಒಡೆದರೆ ಚಿನ್ನದಲ್ಲಿ ಬೆಸೆಯುವವರು ಸಿಗುತ್ತಾರೆ, ಆ ಚೀಲಕ್ಕೆ ಬೇರೆ ಇಲ್ಲ ಅಂದರು. ನಾನು ತಲೆ ಅಲ್ಲಾಡಿಸಿದೆ.

ಅವತ್ತಿನಿಂದ ಮನೆ ಜಾಲಾಡುತ್ತಿದ್ದೇನೆ. ಹಾಸಿಗೆ ಎತ್ತಿ ನೋಡಿದೆ, ಅಕ್ಕಿ ಡಬ್ಬದಲ್ಲಿ ಕೈ ಹಾಕಿದೆ, ವ್ಯಾಕ್ಯೂಮ್ ಕ್ಲೀನರಿನ ಕಸವನ್ನೂ ಕೆದಕಿದೆ. ನಿಸರ್ಗಳನ್ನು ಕೇಳಿದರೆ, ಅಜ್ಜಿ ಡೆಕ್ಕಿನಲ್ಲಿ ಕೂತು ಏನೋ ಹೊಲಿಯುತ್ತಿದ್ದರು, ‘ಷಿ ಸೆಡ್ ಇಟ್ಸ್ ಎ ಸೀಕ್ರೆಟ್’ ಅನ್ನುತ್ತಾಳೆ. ಈ ವಿಷಯ ಚೇತನ್ ಬಾಯಲ್ಲಿ ಕೂಗಿಸಲು ನನಗೆ ಇಷ್ಟವಿಲ್ಲ. ದಯವಿಟ್ಟು ಕೂಡಲೇ ಬರೆಯಿರಿ.

ಅಕ್ಷಯಾ


ಮೈಸೂರು
9 ಅಕ್ಟೋಬರ್ 2024

ಅಕ್ಷಯಾ, ನಿಮ್ಮ ಮೂವರಿಗೂ ನನ್ನ ಆಶೀರ್ವಾದ.

ನಿನ್ನ ಸೆಪ್ಟೆಂಬರಿನ ಕಾಗದ ಮೊನ್ನೆ ಬಂತು. ಎರಡು ಹಾಳೆ ಬರೆದಿದ್ದೀಯ, ಹೊಸ ಚೀಲ ಚೆನ್ನಾಗಿದೆಯೋ ಇಲ್ಲವೋ ಅಂತ ಎರಡು ಅಕ್ಷರ ಬರೆದಿಲ್ಲ. ಹೊಲಿಗೆ ಯಾರದೆಂದು ಗೊತ್ತಾಯಿತಂತೆ. ಗೊತ್ತಾಗದೆ ಏನು? ನನ್ನ ತಮ್ಮನ ಮಗಳು, ನಾಲ್ಕನೇ ಕ್ಲಾಸಿನಿಂದ ನನ್ನ ಹೊಲಿಗೆ ಮಿಷನ್ ಪಕ್ಕ ಕೂತು ಹುಕ್ಸ್ ಹಾಕಿದವಳು ನೀನು.

ಹಳೆಯದು ಹರಿದಿತ್ತು. ಬಾಯಿಯ ಹತ್ತಿರ ಎಳೆ ಬಿಟ್ಟಿತ್ತು, ತಳ ಪಿಸಿದಿತ್ತು. ಚಿನ್ನದ ಮುಚ್ಚಳದ ಜಾಡಿಗೆ ಚಿಂದಿ ಹೊದಿಸಿಡುತ್ತಾರೆಯೇ? ಹರಿದ ಬಟ್ಟೆ ಸುತ್ತಿದ ಕಲಶವನ್ನು ನಮ್ಮಲ್ಲಿ ಯಾರಾದರೂ ಒಳಗೆ ತರುತ್ತಾರೆಯೇ? ಅದನ್ನು ಹೊಲಿದವನು ಯಾರೋ ಗಂಡಸಿರಬೇಕು. ಗೋಣಿಚೀಲಕ್ಕೆ ಹಾಕುವಂಥ ದಪ್ಪ ದಾರ, ಉದ್ದುದ್ದ ಹೊಲಿಗೆ. ಅಷ್ಟು ನಾಜೂಕು ರೇಷ್ಮೆಗೆ ಅಂಥ ದಾರ ಹಾಕಿದರೆ ಬಟ್ಟೆ ತಡೆಯುತ್ತದೆಯೇ?

ಆಪರೇಷನ್‌ಗೆ ಹೊರಟ ಹೆಂಗಸು ನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಅರಿಶಿನ ಕುಂಕುಮ, ರವಿಕೆ ಕಣ ಏನೂ ಇಲ್ಲದೆ ಬರಿಗೈಯಲ್ಲಿ ಕಳಿಸಿದೆವು. ಅವಳೂ ಗಂಡನಿಲ್ಲದವಳು, ನಾನೂ ಗಂಡನಿಲ್ಲದವಳು. ನಮ್ಮಂಥವರಿಗೆ ಯಾರೂ ಕಣ ಕೊಡುವುದಿಲ್ಲ. ಅದಕ್ಕೇ ಅವಳ ಜಾಡಿಗೆ ಕೊಟ್ಟೆ. ಆ ಬಟ್ಟೆ ಗುಳೇದಗುಡ್ಡದ್ದು. ನಾವು ಕಣ ಅಂದರೆ ಬಸವಣ್ಣೆವ್ವ ಖಣ ಅನ್ನುತ್ತಿದ್ದಳು. ಇಪ್ಪತ್ತು ವರ್ಷ ನನ್ನ ಅಂಗಡಿಯಲ್ಲಿ ಕೈಹೊಲಿಗೆ ಮಾಡಿ, ಊರಿಗೆ ಹೊರಟ ದಿನ ನನ್ನ ಮಡಿಲಿಗೆ ಹಾಕಿದ್ದು. ಹದಿನೈದು ವರ್ಷ ಕತ್ತರಿ ಹಾಕದೆ ಇಟ್ಟುಕೊಂಡಿದ್ದೆ.

ನಲವತ್ತು ವರ್ಷ ಹೊಲಿದೆನಮ್ಮ. ಮದುವೆ ಮನೆಯಲ್ಲಿ ಸೀರೆ ಯಾವ ಅಂಗಡಿಯದು ಅಂತ ಕೇಳುತ್ತಾರೆ, ಒಡವೆ ಯಾರು ಮಾಡಿದ್ದು ಅಂತ ಕೇಳುತ್ತಾರೆ. ರವಿಕೆ ಹೊಲಿದವರು ಯಾರು ಅಂತ ಕೇಳುವುದು ಕಂಕುಳಲ್ಲಿ ಬಿಗಿಯಾದಾಗ ಮಾತ್ರ. ನೀನೂ ಹಾಗೇ ಮಾಡಿದೆ.

ಹಳೆಯ ಚೀಲದ ಯೋಚನೆ ಬಿಡು. ನಿಸರ್ಗಳಿಗೆ ಚಕ್ಕುಲಿ ಕಳಿಸುತ್ತೇನೆ.

ವಸಂತಲಕ್ಷ್ಮಿ


ಈಸ್ಟ್‌ಗೇಟ್
26 ಅಕ್ಟೋಬರ್ 2024

ಅತ್ತೆ,

ನಿಮ್ಮ ಒಂಬತ್ತನೇ ತಾರೀಖಿನ ಕಾಗದ ಇವತ್ತು ಬಂತು. ಎರಡು ಸಲ ಓದಿದೆ.

ಗೋಣಿಚೀಲದ ದಾರ ಅಂದಿರಿ. ಯೋಚನೆ ಬಿಡು ಅಂದಿರಿ. ಆ ದಾರ ಹಾಕಿದವರು ಬದುಕಿಲ್ಲ ಅತ್ತೆ, ಅವರ ಹೆಂಡತಿ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ದಿನಾ ಕಿಟಕಿಯಿಂದ ಕೈಬೀಸುತ್ತಾರೆ. ನಾನು ಕಸ ಹಾಕಲೂ ಹಿಂದಿನ ಬಾಗಿಲಿನಿಂದ ಹೋಗಿ ಬರುವಂತಾಗಿದೆ. ಇನ್ನು ಮೂರು ವಾರ ಉಳಿದಿದೆ.

ಒಳಗಿನ ಹೊಲಿಗೆ ಉದ್ದವೋ ಗಿಡ್ಡವೋ ಅಂತ ನಿಮಗೆ ಹೇಗೆ ಗೊತ್ತಾಯಿತು? ಬಿಚ್ಚಿ ನೋಡಿದ್ದೀರಿ. ಅಳತೆ ರವಿಕೆ ಇಟ್ಟುಕೊಳ್ಳುವ ಹಾಗೆ ಅದನ್ನೂ ನಿಮ್ಮ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಿದ್ದೀರಿ. ಎಸೆದಿಲ್ಲ ಅಂದರೆ ಇನ್ನೇನು ಅರ್ಥ? ಬೇರೆಯವರ ವಸ್ತು ಮುಟ್ಟುವ ಮೊದಲು ಒಂದು ಮಾತು ಕೇಳಬೇಕು ಅನ್ನುವುದು ನಿಮಗೆ ಯಾವತ್ತೂ ಗೊತ್ತಾಗಲಿಲ್ಲ. ಇದು ನಿಮ್ಮ ಅಂಗಡಿಯಲ್ಲ. ಯಾರೋ ಅಳತೆಗೆ ತಂದು ಬಿಸಾಕಿದ ಬ್ಲೌಸಲ್ಲ. ನಿಮ್ಮನ್ನು ಇಲ್ಲಿಗೆ ಕರೆಸಿಕೊಂಡದ್ದೇ ತಪ್ಪಾಯಿತು ಅನ್ನಿಸುತ್ತಿದೆ.

ಚೀಲ ನಿಮ್ಮ ಹತ್ತಿರ ಇದ್ದರೆ ಈ ಕಾಗದ ಸಿಕ್ಕ ದಿನವೇ ಕೊರಿಯರಿನಲ್ಲಿ ಕಳಿಸಿ. ಚೂರಾಗಿದ್ದರೆ ಚೂರುಗಳನ್ನೇ ಕಳಿಸಿ.

ಅಕ್ಷಯಾ


ಮೈಸೂರು
28 ಅಕ್ಟೋಬರ್ 2024

ಅಕ್ಷಯಾ,

ನಿನ್ನ ಆರನೇ ತಾರೀಖಿನ ಕಾಗದ ದಸರೆಯ ರಜೆಯಲ್ಲಿ ಎಲ್ಲಿ ಬಿದ್ದಿತ್ತೋ, ಇವತ್ತು ಕೈಗೆ ಬಂತು. ಗಂಡ ಹೊಲಿದ ಚೀಲ ಅಂತ ಓದಿದವಳೇ ಪೆನ್ನು ಹಿಡಿದೆ. ಮೊನ್ನೆ ಗೋಣಿಚೀಲ ಅಂತ ಬರೆದ ನನ್ನ ಬಾಯಿಗೆ ಬೆಂಕಿ ಹಾಕ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿದ್ದೆ. ಇನ್ನು ಸುಮ್ಮನಿದ್ದರೆ ಪಾಪ.

ನಡೆದದ್ದು ಇಷ್ಟು. ಹೊಸ ಚೀಲಕ್ಕೆ ಅಳತೆ ಬೇಕಿತ್ತು. ಹಳೆಯದರ ಕಟಿಂಗ್ ಹೇಗಿದೆ ನೋಡೋಣ ಅಂತ ಬರೀ ಒಂದು ಹೊಲಿಗೆ ಬಿಚ್ಚಿದೆ. ಬಟ್ಟೆ ಒಳಗೊಳಗೇ ಜೀರ್ಣವಾಗಿತ್ತು. ನನ್ನ ಕೈಯಲ್ಲೇ ಬಿಟ್ಟುಕೊಂಡಿತು, ಹಪ್ಪಳ ಮುರಿದ ಹಾಗೆ. ನಲವತ್ತು ವರ್ಷದಲ್ಲಿ ಕೊಟ್ಟ ಬಟ್ಟೆ ಕೆಡಿಸಿದವಳು ಅನ್ನಿಸಿಕೊಂಡವಳಲ್ಲ ನಾನು. ನಿನ್ನ ಮನೆಯ ಡೆಕ್ಕಿನಲ್ಲಿ ಕೂತು, ಪರರ ವಸ್ತು ಕೆಡಿಸಿ, ಎಪ್ಪತ್ತೊಂದು ವರ್ಷದ ಹೆಂಗಸು ಮಗುವಿನ ಹಾಗೆ ಅತ್ತುಬಿಟ್ಟೆ. ನಿಸರ್ಗ ನೋಡಿದಳು. ಸೀಕ್ರೆಟ್ ಅಂತ ಅವಳೇ ಹೇಳಿದ್ದು, ನಾನಲ್ಲ.

ಎಸೆದಿಲ್ಲ. ಒಂದು ಎಳೆಯನ್ನೂ ಎಸೆದಿಲ್ಲ. ಬಸವಣ್ಣೆವ್ವನ ಊರಿನ ಕಡೆ ಹೊದೆಯುವ ಕೌದಿ ಹೊಲಿಯುವಾಗ ಅಜ್ಜಿಯ ಹಳೆ ಸೀರೆ, ತೀರಿಹೋದವರ ಧೋತ್ರ ಎಲ್ಲವನ್ನೂ ಒಳಗಿಟ್ಟು ಹೊಲಿಯುತ್ತಾರೆ. ‘ಒಳಗಿಟ್ಟು ಹೊಲಿದ್ರ ಹೋದಂಗಲ್ರೀ ಅಕ್ಕಾ, ಮೈಮ್ಯಾಲೆ ಇದ್ದಂಗ’ ಅನ್ನುತ್ತಿದ್ದಳು. ನಾನೂ ಹಾಗೇ ಮಾಡಿದೆ. ಹಸಿರು ಚೂರುಗಳನ್ನು ಒಂದೊಂದಾಗಿ ಅದರದರ ಜಾಗದಲ್ಲೇ ಜೋಡಿಸಿ, ಬಿಳಿ ರೇಷ್ಮೆಗೆ ಕೂರಿಸಿ, ಕಣಕ್ಕೂ ಲೈನಿಂಗಿಗೂ ನಡುವೆ ಇಟ್ಟಿದ್ದೇನೆ. ಆ ದಪ್ಪ ದಾರವನ್ನೂ ಕತ್ತರಿಸದೆ ಸುತ್ತಿ ಅಲ್ಲೇ ಇಟ್ಟಿದ್ದೇನೆ. ನೀನು ಮನೆಯೆಲ್ಲ ಹುಡುಕಿದ ಚೀಲ ನಿನ್ನ ಕೈಯಲ್ಲೇ ಇತ್ತು.

ರವಿಕೆಯ ಒಳಗೆ ಒಂದಿಂಚು ಬಟ್ಟೆ ಬಿಡುತ್ತೇವಲ್ಲ, ಮುಂದೆ ಬಿಚ್ಚಿಕೊಳ್ಳಲಿ ಅಂತ. ಇದಕ್ಕೂ ಲೈನಿಂಗಿನ ತಳದಲ್ಲಿ ಒಂದಿಂಚು ಬರೀ ಕಚ್ಚಾ ಹೊಲಿಗೆ ಹಾಕಿದ್ದೇನೆ. ದಾರದ ತುದಿ ಎಳೆದರೆ ಬಿಚ್ಚುತ್ತದೆ. ಬೇಕಾದರೆ ಅವಳೇ ನೋಡಿಕೊಳ್ಳಲಿ. ಪೂರ್ತಿ ಬಿಚ್ಚಿ ತೆಗೆಯುತ್ತೇನೆ ಅಂದರೂ ನನ್ನದೇನೂ ಇಲ್ಲ, ಅವಳ ಗಂಡನ ವಸ್ತು.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೊರಡುವ ಮುನ್ನ ಹೇಳಲು ನಾಲ್ಕು ಸಲ ನಿನ್ನ ರೂಮಿನವರೆಗೆ ಬಂದೆ. ಆದರೆ ಯುಗಾದಿ ಊಟದ ದಿನ ನಿಮ್ಮ ಕನ್ನಡ ಸಂಘದ ಸ್ಪಂದನಾ ನಿಮ್ಮತ್ತೆ ಏನು ಮಾಡಿಕೊಂಡಿದ್ದರು ಅಂತ ಕೇಳಿದಾಗ ನೀನು ರಿಟೈರ್ಡ್ ಟೀಚರ್ ಅಂದೆ. ನನ್ನ ಕಿವಿ ಮಂದ, ಕೇಳಬಾರದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ಆ ಹೆಂಗಸರೆಲ್ಲ ಯಾವ ಸ್ಕೂಲು, ಯಾವ ಸಬ್ಜೆಕ್ಟು ಅಂತ ಕೇಳಿದರು. ನಿನ್ನ ಮಾನ ಉಳಿಸಲು ಗಣಿತ ಅಂದೆ. ಟೈಲರ್ ಅಂತ ಹೇಳಿಕೊಳ್ಳಲು ನಾಚುವವಳ ಮುಂದೆ, ಟೈಲರ್ ಆಗಿಯೂ ಬಟ್ಟೆ ಕೆಡಿಸಿದೆ ಅಂತ ಹೇಗೆ ಹೇಳಲಿ?

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಹದಿನೇಳರೊಳಗೆ ತಲುಪುತ್ತದೆ ಅಂದರು.

ವಸಂತಲಕ್ಷ್ಮಿ


ಈಸ್ಟ್‌ಗೇಟ್
18 ನವೆಂಬರ್ 2024

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಹದಿನಾಲ್ಕರ ಗುರುವಾರ ಬಂತು. ಅಷ್ಟರೊಳಗೆ ನನ್ನ ಇಪ್ಪತ್ತಾರನೇ ತಾರೀಖಿನ ಕಾಗದ ನಿಮ್ಮನ್ನು ಮುಟ್ಟಿರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಂಗಡಿಯಲ್ಲಿ ನನಗೆ ನೂರು ಸಲ ಹೇಳಿದ್ದಿರಿ. ಕ್ಷಮಿಸಿ ಅನ್ನಲು ಮುಖವಿಲ್ಲ, ಆದರೂ ಅನ್ನುತ್ತೇನೆ. ಆಮೇಲೆ ನಡೆದದ್ದನ್ನು ಬರೆಯುತ್ತೇನೆ.

ಕಾಗದ ಓದಿದವಳೇ ಪೆಟ್ಟಿಗೆ ಎತ್ತಿಕೊಂಡು ತೊಮೊಕೊ ಅವರ ಮನೆಗೆ ಹೋದೆ. ಲಾಕರಿನ ಸುಳ್ಳಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಕೆಂಪು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಒಳಗೆ ಬೆರಳು ಹಾಕಿ ಆ ದಾರದ ತುದಿ ಹುಡುಕಿ ಎಳೆದರು.

ಒಂದಿಂಚು ತೆರೆಯಿತು. ಹಸಿರು ರೇಷ್ಮೆ ಕಂಡಿತು, ಅದರ ಪಕ್ಕ ಸುತ್ತಿಟ್ಟ ನೀಲಿ ದಾರ. ವಿಮಾನದ ಸೀಟಿಗೆ ಹಾಕುವ ದಾರವಂತೆ. ಅದಕ್ಕಿಂತ ಗಟ್ಟಿ ದಾರ ಇಲ್ಲ, ಇದು ನೀನಿರುವವರೆಗೂ ಬಿಚ್ಚುವುದಿಲ್ಲ ಅಂತ ಕೆಂಜಿ ಜಂಬ ಕೊಚ್ಚಿದ್ದರಂತೆ. ಅದನ್ನು ಹೇಳುತ್ತಾ ಅತ್ತುಬಿಟ್ಟರು, ಅತ್ತೆ. ನನಗೂ ಅಳು ಬಂತು. ಅಳುತ್ತಲೇ, ಚೀಲ ಬಾಯಿಬಿಟ್ಟಲ್ಲಿ ಒದ್ದೆಯಾಗಬಾರದು ಅಂತ ಅವರೇ ಕರ್ಚೀಫು ಅಡ್ಡ ಹಿಡಿದರು.

ಪೂರ್ತಿ ಬಿಚ್ಚಿಸುತ್ತೀರಾ ಅಂತ ಕೇಳಿದೆ. ಈ ಚೂರುಗಳನ್ನು ಹೊರಗೆ ತೆಗೆದರೆ ಡಬ್ಬದಲ್ಲಿ ಇಡಬೇಕು, ಇಲ್ಲಿದ್ದರೆ ಜಾಡಿಯನ್ನು ಹಿಡಿದುಕೊಂಡಿರುತ್ತವೆ ಅಂದರು. ಸೂಜಿ ತಂದು ನನ್ನ ಮುಂದಿಟ್ಟರು. ಅವರ ಕೈ ನಡುಗುತ್ತದೆ. ಇಪ್ಪತ್ತು ವರ್ಷದ ಮೇಲೆ ಸೂಜಿ ಹಿಡಿದು ಆ ಒಂದಿಂಚು ಹೊಲಿದೆ. ನೀವು ಹಾಕಿದಷ್ಟು ಸಣ್ಣ ಹೊಲಿಗೆ ಬರಲಿಲ್ಲ. ಎಲ್ಲಿ ಕಲಿತೆ ಅಂತ ಕೇಳಿದರು. ನಮ್ಮತ್ತೆಯ ಅಂಗಡಿಯಲ್ಲಿ, ಅವರು ಟೈಲರ್ ಅಂದೆ. ಮೊದಲೇ ಹೇಳಿದ್ದರೆ ಅವರಿಂದ ಕಲಿಯಬಹುದಿತ್ತಲ್ಲ ಅಂತ ನನಗೆ ಗದರಿದರು.

ನಿನ್ನೆ ಕೂಟ. ಐದು ಜನ, ಚಾಪೆಯ ಮೇಲೆ ಸಾಲಾಗಿ ಮಂಡಿಯೂರಿ ಕೂತೆವು. ಮೊದಲ ಜಾಗದಲ್ಲಿ ಸ್ಪಂದನಾ. ಅವಳು ಆರು ವರ್ಷದಿಂದ ತೊಮೊಕೊ ಅವರ ಹತ್ತಿರ ಈ ಚಹಾ ಕೂಟ ನಡೆಸುವುದನ್ನು ಕಲಿಯುತ್ತಿದ್ದಾಳೆ, ಅದು ನನಗೆ ನಿನ್ನೆಯೇ ಗೊತ್ತಾದದ್ದು. ಚಹಾ ಕುಡಿದಾದ ಮೇಲೆ ಅವರಲ್ಲಿ ಒಂದು ಪದ್ಧತಿ. ಜಾಡಿಯನ್ನೂ ಚೀಲವನ್ನೂ ಅತಿಥಿಗಳ ಮುಂದಿಡುತ್ತಾರೆ. ಎಲ್ಲರೂ ಬಗ್ಗಿ, ಮೊಣಕೈ ನೆಲಕ್ಕೂರಿ ನೋಡಬೇಕು. ನೋಡಿಯಾದ ಮೇಲೆ ಮೊದಲ ಅತಿಥಿ ಕೇಳುತ್ತಾಳೆ, ಮನೆಯವರು ಉತ್ತರಿಸುತ್ತಾರೆ. ಕೇಳದಿದ್ದರೆ ಅಗೌರವ.

ಸ್ಪಂದನಾ ಕೇಳಿದಳು, ಜಾಡಿಯ ಆಕಾರ ಯಾವುದು? ಹೆಗಲಿರುವ ಜಾಡಿ. ಗೂಡಿನಲ್ಲಿ ಅದನ್ನು ಸುಟ್ಟ ಊರು ಯಾವುದು? ಸೆಟೊ. ಬಟ್ಟೆ ಯಾವುದು? ತೊಮೊಕೊ ಅವರು ನನ್ನಿಂದ ಮೂರು ದಿನ ಬಾಯಿಪಾಠ ಮಾಡಿಸಿಕೊಂಡಿದ್ದರು. ಗುಳೇದಗುಡ್ಡ ಖಣ ಅಂದರು. ಸ್ಪಂದನಾ ತಲೆ ಎತ್ತಿ ಒಂದು ಕ್ಷಣ ನೋಡಿದಳು. ಕೊನೆಯ ಪ್ರಶ್ನೆ ಏನು ಗೊತ್ತಾ ಅತ್ತೆ? ಹೊಲಿದವರು ಯಾರು? ನಾನೂರು ವರ್ಷದಿಂದ ಅವರು ಅದನ್ನು ಕೇಳುತ್ತಲೇ ಇದ್ದಾರಂತೆ.

ತೊಮೊಕೊ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಒಳಗಿನದು ಕೆಂಜಿ ಇನಾಬಾ, ಹೊರಗಿನದು ಮೈಸೂರಿನ ಟೈಲರ್ ವಸಂತಲಕ್ಷ್ಮಿ ಅಂದರು.

ಸ್ಪಂದನಾ ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು. ‘ನಿಮ್ಮತ್ತೆ ಅಲ್ವಾ? ಟೀಚರ್ ಅಂದಿದ್ರಿ.’

‘ಸುಳ್ಳು ಹೇಳಿದ್ದೆ,’ ಅಂದೆ. ‘ನಮ್ಮತ್ತೆ ಟೈಲರ್. ನನ್ನನ್ನ ಓದ್ಸಿದ್ದು ಆ ಮಿಷನ್ನೇ.’

ಅವಳು ಚೀಲದ ಕಡೆ ತಿರುಗಿ, ಎರಡೂ ಕೈ ಚಾಪೆಗೂರಿ ಮತ್ತೊಂದು ಸಲ ತಲೆಬಾಗಿದಳು. ಉಳಿದವರೂ ಬಾಗಿದರು.

ತೊಮೊಕೊ ಅವರು ನಿಮಗೊಂದು ಕೆಲಸ ಒಪ್ಪಿಸಿದ್ದಾರೆ. ಈ ಜಾಡಿಗೆ ಯಾರು ಏನು ಮಾಡಿದರೂ ಅವರ ಹೆಸರು ಬರೆದು ಪೆಟ್ಟಿಗೆಯಲ್ಲಿಡುವ ರೂಢಿಯಂತೆ. ಕೆಂಜಿಯ ಚೀಟಿ ಇದೆ. ನಿಮ್ಮ ಕೈಯಲ್ಲೇ, ನಿಮ್ಮ ಭಾಷೆಯಲ್ಲೇ ನಿಮ್ಮ ಹೆಸರು ಬರೆದು ಕಳಿಸಬೇಕಂತೆ.

ಹೊಸ ಚೀಲ ತುಂಬಾ ಚೆನ್ನಾಗಿದೆ, ಅತ್ತೆ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ನಿಮ್ಮ
ಅಕ್ಷಯಾ


ಮೈಸೂರು
6 ಡಿಸೆಂಬರ್ 2024

ಅಕ್ಷಯಾ,

ನಿನ್ನ ಸಿಟ್ಟಿನ ಕಾಗದ ನವೆಂಬರ್ ಹದಿಮೂರಕ್ಕೆ ಬಂತು. ಕರೆಸಿಕೊಂಡದ್ದೇ ತಪ್ಪು ಅನ್ನುವ ಸಾಲು ಓದಿ ಎರಡು ದಿನ ಊಟ ಸೇರಲಿಲ್ಲ. ಇನ್ನು ಇವಳಿಗೆ ಬರೆಯುವುದಿಲ್ಲ ಅಂತ ಪೆನ್ನನ್ನೇ ಚೇತನ್‌ಗೆ ಕೊಟ್ಟುಬಿಟ್ಟಿದ್ದೆ. ನಿನ್ನೆ ಈ ಕಾಗದ ಬಂದ ಮೇಲೆ ಹೋಗಿ ವಾಪಸ್ ಇಸಿದುಕೊಂಡು ಬಂದೆ. ನೀನು ಆಡಿದ್ದು ನೋಯಿಸಿತು, ಇಲ್ಲ ಅನ್ನುವುದಿಲ್ಲ. ನಾನು ಕೇಳದೆ ಬಿಚ್ಚಿದ್ದೂ ತಪ್ಪೇ. ಇಬ್ಬರದೂ ಇರಲಿ.

ಬಸವಣ್ಣೆವ್ವನಿಗೆ ಚೇತನ್ ಫೋನಿನಲ್ಲಿ ಎಲ್ಲ ಓದಿ ಹೇಳಿದ. ಅವಳು ಏನಂದಳೋ ನನಗೆ ಕೇಳಿಸಲಿಲ್ಲ. ತುಂಬ ಹೊತ್ತು ಮಾತಾಡಿದಳು, ಅವನು ನಗುತ್ತಿದ್ದ.

ತೊಮೊಕೊಗೆ ಹೇಳು, ಬೇರೆ ಜಾಡಿಗಳಿಗೂ ಚೀಲ ಬೇಕಿದ್ದರೆ ಹೊಲಿದು ಕಳಿಸುತ್ತೇನೆ. ಅಳತೆಗೆ ಹಳೆಯ ಚೀಲ ಮಾತ್ರ ಕಳಿಸಬೇಡ, ನನಗೆ ಧೈರ್ಯವಿಲ್ಲ. ಜಾಡಿಯನ್ನು ನೂಲಿನಲ್ಲಿ ಅಳೆದು, ಗಂಟು ಹಾಕಿ, ನೂಲನ್ನು ಕಳಿಸು. ನಿನ್ನ ಹೊಲಿಗೆ ಸಣ್ಣದಾಗಲಿಲ್ಲ ಅಂದೆಯಲ್ಲ, ಮುಂದಿನ ಸಲ ಬಂದಾಗ ಕೂರಿಸಿ ಹೇಳಿಕೊಡುತ್ತೇನೆ. ನಿಸರ್ಗಳೂ ಕೂರಲಿ.

ಚೀಟಿ ಇದರ ಜೊತೆ ಇದೆ. ನಾಲ್ಕು ಸಲ ಬರೆದು ಹರಿದೆ, ಇದು ಐದನೆಯದು. ನಲವತ್ತು ವರ್ಷ ಬಟ್ಟೆಗೆ ಸಿಕ್ಕಿಸಲು ಗಿರಾಕಿಗಳ ಹೆಸರಿನ ಚೀಟಿ ಬರೆದಿದ್ದೇನೆ, ದಿನಕ್ಕೆ ಇಪ್ಪತ್ತು ಮೂವತ್ತು. ನನ್ನ ಹೆಸರಿನ ಚೀಟಿ ಬರೆದದ್ದು ಇದೇ ಮೊದಲು. ವಸಂತಲಕ್ಷ್ಮಿ, ಲೇಡೀಸ್ ಟೈಲರ್, ಮೈಸೂರು ಅಂತ ಬರೆದಿದ್ದೇನೆ, ಸರಿ ಇದೆಯಾ ನೋಡು.

ಅದನ್ನು ಚೀಲಕ್ಕೆ ಪಿನ್ ಹಾಕಿ ಸಿಕ್ಕಿಸಬೇಡಿ, ರೇಷ್ಮೆಗೆ ತುಕ್ಕು ಹಿಡಿಯುತ್ತದೆ. ಕೆಂಜಿಯ ಚೀಟಿಯ ಪಕ್ಕದಲ್ಲಿ ಸುಮ್ಮನೆ ಇಟ್ಟರೆ ಸಾಕು.

ನಿನ್ನ ಅತ್ತೆ
ವಸಂತಲಕ್ಷ್ಮಿ